ಹೊಸ ಮಾಡೆಲ್ಲಿನ ಹೆಡ್ಡು

“ಮುಟ್ಟಿದ್ರೆ ಕೈ ಮುರ್ದ್‌ಬುಡ್ತೀನಿ ಕಣ್ಲಾ ಮಂಚ! ಗಾಡಿಚಕ್ರ ಕೆತ್ತೋ ಕೈಲಿ ಇಂಜಿನ್ನು ಬಿಚ್ತೀಯಾ?”

“ಬಿಚ್ಚದೆ ಇನ್ನೇನು ಮಾಡ್ಲಿ ಭಾವ? ಕಡ್ದಿರೋ ಕಬ್ಬು ಎಂಟು ಗಾಡಿ ಬಿದ್ದದೆ. ಇನ್ನೆರಡು ದಿನ ಇಂಗೇ ಬಿದ್ದಿದ್ರೆ ಬೆಲ್ಲ ಕಟ್ತದಾ?”

“ಮದ್ರಾಸಿಂದ ಸಾಮಾನು ಬರ್ಬೇಕು ಅಂತ ನಾನಂದೆನಲ್ಲ! ಬರೋಗಂಟ ಬಾಯಿ ಮುಚ್ಕೊಂಡಿರು!”

ಲಕ್ಷ್ಮಿದೇವಮ್ಮ ಆಲೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಬೈಯುತ್ತಿದ್ದವನು ಅವಳ ಒಡಹುಟ್ಟಿದ ಅಣ್ಣ ಅಂದಾನಯ್ಯ. ಬೈಸಿಕೊಳ್ಳುತ್ತಿದ್ದವನು ಗಂಡ ಮಂಚಯ್ಯ. ಎರಡು ವರ್ಷದಿಂದ ಕಿರಂಗೂರಿನ ಆ ಮನೆಯಲ್ಲಿ ಇದೇ ಸುಪ್ರಭಾತ.

ಮೈಸೂರಿನ ಸಾಹುಕಾರರೊಬ್ಬರ ಕಾರು ಓಡಿಸುತ್ತಿದ್ದ ಅಂದಾನಯ್ಯ ಕೆಲಸ ಕಳೆದುಕೊಂಡು ತಂಗಿಯ ಮನೆಗೆ ಬಂದವನು, ಬರುವಾಗ ಅವರು ಬಿಸಾಡಿದ್ದ ಹಳೇ ಕಾರಿನ ಇಂಜಿನ್ನನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದ. ಅದನ್ನು ಕಲ್ಲಿನ ಮೇಲೆ ಕೂರಿಸಿ, ಬೆಲ್ಟು ಬಿಗಿದು ಗಾಣ ತಿರುಗಿಸಿದ. ಎತ್ತುಗಳು ಎರಡು ದಿನ ಅರೆಯುತ್ತಿದ್ದ ಕಬ್ಬನ್ನು ಅದು ಹೊತ್ತು ನೆತ್ತಿಗೇರುವುದರೊಳಗೆ ಅರೆದು ಬಿಸಾಡಿತು. ಊರಿಗೆ ಊರೇ ಬಂದು ನೋಡಿತು. ಹಳೇ ಮರದ ಗಾಣ ಒಲೆಗೆ ಸೌದೆಯಾಯಿತು.

ಅವತ್ತಿನಿಂದ ಅಂದಾನಯ್ಯನೇ ಮನೆಯ ಯಜಮಾನ. ಜಗಲಿ ಅವನದು, ಮೊದಲ ಬಿಸಿನೀರು ಅವನದು, ಸಾರಿನಲ್ಲಿ ಒಳ್ಳೇ ತುಂಡು ಅವನದು. ಇಂಜಿನ್ನು ಶುರುಮಾಡುವ ಹ್ಯಾಂಡಲನ್ನು ರಾತ್ರಿ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ. ಮಂಚಯ್ಯ ತನ್ನ ಜಗಲಿಯ ಮೇಲೆ ತಾನು ಕೂರುವುದನ್ನೇ ಬಿಟ್ಟಿದ್ದ. ಯಾರೂ ತುಟಿ ಬಿಚ್ಚುವ ಹಾಗಿರಲಿಲ್ಲ. ಅವನಿಲ್ಲದೆ ಗಾಣ ತಿರುಗುವುದಿಲ್ಲವಲ್ಲ!

ಈಗ ಇಂಜಿನ್ನಿನ ಮೇಲಿನ ಮುಚ್ಚಳ, ಅಂದಾನಯ್ಯನ ಬಾಯಲ್ಲಿ ಹೆಡ್ಡು, ಸೀಳು ಬಿಟ್ಟಿತ್ತು. ಮಂಚಯ್ಯ ಯಾರಿಗೂ ಹೇಳದೆ ಶ್ರೀರಂಗಪಟ್ಟಣಕ್ಕೆ ಹೋಗಿ, ಹಳೇ ಮೋಟಾರು ಸಾಮಾನಿನ ನಾಗರಾಜುವಿನ ಹತ್ತಿರ ಬೇರೊಂದು ಹೆಡ್ಡು ತಂದಿದ್ದ. ಅದೇ ಕಂಪನಿಯದು, ಆದರೆ ನಾಲ್ಕು ವರ್ಷ ಈಚಿನ ಇಂಜಿನ್ನಿನದು. ಜಗಳ ಅದಕ್ಕೇ.

“ಇದು ಹೊಸ ಮಾಡೆಲ್ಲು, ನಮ್ದು ಹಳೇದು. ಬೋಲ್ಟು ಕೂತ್ರೂ ನೀರೋಡೋ ತೂತು ಕೂರಲ್ಲ. ನೀರೋಡ್ದೆ ಕಾದು ಸಿಡೀತದೆ. ಇದ್ರಾಗೆ ಗಾಣ ತಿರುಗಿದ್ರೆ ನಾನು ಈ ಮನೆ ಹೊಸ್ಲು ತುಳಿಯಕ್ಕಿಲ್ಲ!” ಎಂದು ಅಂದಾನಯ್ಯ ಆ ಹೆಡ್ಡನ್ನು ಕಾಲಲ್ಲಿ ತಳ್ಳಿ, ಹ್ಯಾಂಡಲು ಹಿಡಿದು ಜಗಲಿಗೆ ನಡೆದ.

ಮಂಚಯ್ಯ ಅಂಗಳಕ್ಕೆ ಹೋದ. ಗಾಡಿಯಡಿ ತೂಗುತ್ತಿದ್ದ, ಚಕ್ರದ ಕೀಲಿಗೆ ಹಚ್ಚುವ ಕೀಲೆಣ್ಣೆಯ ಬುರುಡೆ ಬಿಚ್ಚಿ ತಂದ. ಹೊಸ ಚಕ್ರಕ್ಕೆ ಅಚ್ಚು ಕೂರಿಸುವಾಗ ಅವನು ಹಾಗೇ ಮಾಡುತ್ತಿದ್ದ: ಅಚ್ಚಿಗೆ ಕೀಲೆಣ್ಣೆಯ ಮಸಿ ಬಳಿದು ತೂರಿಸಿದರೆ ಎಲ್ಲಿ ತಾಗುತ್ತದೋ ಅಲ್ಲಿ ಕಪ್ಪು ಹತ್ತುತ್ತದೆ. ಸೀಳಿದ ಹೆಡ್ಡು ತೆಗೆದು, ಇಂಜಿನ್ನಿನ ಮೈಗೆ ಮಸಿ ಬಳಿದು, ಹೊಸ ಹೆಡ್ಡು ಇಟ್ಟು ಎತ್ತಿ ನೋಡಿದ. ಐದು ನೀರಿನ ತೂತುಗಳಲ್ಲಿ ಮೂರು ಒಂದರ ಮೇಲೊಂದು ಕೂತಿದ್ದವು. ಉಳಿದೆರಡು ತೂತಿಲ್ಲದ ಗಟ್ಟಿ ಕಬ್ಬಿಣದ ಮೇಲೆ ಬಿದ್ದಿದ್ದವು.

“ನಿಮ್ಮಣ್ಣ ಸುಳ್ಳೇಳ್ಲಿಲ್ಲ ಕಣಮ್ಮಿ,” ಎಂದ.

“ಅಂಗಾರೆ ಆಗಕಿಲ್ವಾ?”

“ಕಾರಲ್ಲಾದ್ರೆ ಆಗಕಿಲ್ಲ. ಅದು ಇರೋ ಅಷ್ಟು ನೀರ್ನೇ ಹೊತ್ಕೊಂಡು ಓಡ್ಬೇಕು. ಇದು ಎಲ್ಲಿಗೆ ಓಡ್ತದೆ? ಕೂತಲ್ಲೇ ಕೂತದೆ, ಪಕ್ದಾಗೇ ನಾಲೆ ಹರೀತದೆ. ತಣ್ಣೀರು ಬುಟ್ಕೊಂಡೇ ಇದ್ರೆ ಮೂರು ತೂತು ಸಾಕು.” ಮಂಚಯ್ಯ ತಲೆ ಕೆರೆದುಕೊಂಡ. “ಹೆಡ್ಡಿಗೂ ಇಂಜಿನ್ನಿಗೂ ಮಧ್ಯಕ್ಕೆ ಹೊಂದ್ಕಳೋ ಅಂಗೆ ತಗಡು ಬೇಕು. ತಾಮ್ರದ್ದು. ಹಳೇದು ಹರ್ದೋಗದೆ.”

ಲಕ್ಷ್ಮಿದೇವಮ್ಮ ಒಳಗೆ ಹೋದಳು. ಅಡುಗೆಮನೆಯ ಮೂಲೆಯಲ್ಲಿ ತಾಮ್ರದ ಕೊಳಗವಿತ್ತು. ಮದುವೆಯಲ್ಲಿ ತವರಿನಿಂದ ಬಂದದ್ದು. ಅಂದಾನಯ್ಯನೇ ತಲೆಯ ಮೇಲೆ ಹೊತ್ತು, ಗಂಜಾಂನಿಂದ ಇಲ್ಲಿವರೆಗೂ ಹಾಡು ಹೇಳಿಕೊಂಡು ನಡೆದುಬಂದಿದ್ದ. ಆಗ ಅವನಿಗೆ ಇಪ್ಪತ್ತು. ಅವಳು ಅದರೊಳಗಿದ್ದ ನೀರನ್ನು ಚೆಲ್ಲಿ, ತಂದು ಗಂಡನ ಮುಂದೆ ಕುಕ್ಕಿದಳು.

“ಇದಾ? ನಿನ್ ತವರಿಂದು.”

“ಕೊಯ್ಯಿ ಅಂದೆ.”

ಅವನು ಕೊಯ್ದು, ಬಡಿದು ಚಪ್ಪಟೆ ಮಾಡಿ, ಆಲೆಯೊಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ. ತಗಡು ಬಾಳೆಲೆಯ ಹಾಗೆ ಮೆತ್ತಗಾಯಿತು. ಮಸಿಯ ಗುರುತಿಟ್ಟು ತೂತು ಕೊರೆದು, ಹೆಡ್ಡು ಕೂರಿಸಿ ಬಿಗಿದ. ಬಿದಿರಿನ ದೋಣಿ ಕಟ್ಟಿ ನಾಲೆಯ ನೀರನ್ನು ಇಂಜಿನ್ನಿನ ಮೈಗೆ ತಿರುಗಿಸುವಷ್ಟರಲ್ಲಿ ಮರುದಿನದ ಹೊತ್ತು ಮರದ ಮೇಲಕ್ಕೆ ಬಂದಿತ್ತು.

ಲಕ್ಷ್ಮಿದೇವಮ್ಮ ಜಗಲಿಗೆ ಹೋಗಿ ಕೈಚಾಚಿದಳು. “ಅಣ್ಣ, ಹ್ಯಾಂಡಲು ಕೊಡು.”

“ಸಿಡಿದು ನಿನ್ ಗಂಡ ಸತ್ರೆ ನನ್ನ ಅನ್ಬೇಡ.”

“ನಿನ್ನ ಯಾಕಂದೇನು? ಎರಡು ವರ್ಷದಿಂದ ಅಂದಿದ್ದೀನಾ?”

ಅಂದಾನಯ್ಯ ದಡಕ್ಕನೆ ಎದ್ದ. “ನಾನೇ ತಿರುಗಿಸ್ತೀನಿ ನಡಿ. ಸಿಡಿಯೋದ ನಿಮ್ ಕಣ್ಣಾರೆ ನೋಡ್ರಿ!”

ಹ್ಯಾಂಡಲು ತೂರಿಸಿ ತಿರುವಿದ. ಇಂಜಿನ್ನು ಕೆಮ್ಮಿತು. ಮತ್ತೆ ತಿರುವಿದ. ಮೂರನೇ ಸಲಕ್ಕೆ ಹಿಡಿದುಕೊಂಡಿತು. ಬೆಲ್ಟು ಎಳೆಯಿತು, ಗಾಣ ತಿರುಗಿತು, ಮಂಚಯ್ಯ ಜಲ್ಲೆ ಕೊಟ್ಟ. ಕಬ್ಬಿನ ಹಾಲು ಮೊದಲು ದಾರದಂತೆ, ಆಮೇಲೆ ಬೆರಳಿನ ಗಾತ್ರಕ್ಕೆ ಕೆಳಗಿನ ಬಾನಿಗೆ ಇಳಿಯತೊಡಗಿತು. ಎಲ್ಲರೂ ಸಿಡಿಯುವುದನ್ನೇ ಕಾಯುತ್ತಿದ್ದರು.

ಬಾನಿ ತುಂಬಿತು. ಇನ್ನೊಂದಿಟ್ಟರು. ಅದೂ ತುಂಬಿತು.

ಅಂದಾನಯ್ಯ ಬಗ್ಗಿ ಹೆಡ್ಡಿನ ಮೇಲೆ ಅಂಗೈ ಇಟ್ಟ. ಅವನು ಕೈ ತೆಗೆಯಲಿಲ್ಲ. ಬಿಸಿಯಿತ್ತು, ಸುಡುತ್ತಿರಲಿಲ್ಲ. ಅಂಚಿನಲ್ಲಿ ಇಣುಕುತ್ತಿದ್ದ ತಾಮ್ರದ ಕೆಂಪನ್ನು ಹೆಬ್ಬೆರಳಿನಿಂದ ಸವರಿದ. ಕೊಳಗದ ಗುರುತು ಹಿಡಿದನೋ ಏನೋ, ಒಮ್ಮೆ ತಂಗಿಯ ಮುಖ ನೋಡಿದ. ಆಮೇಲೆ ಹ್ಯಾಂಡಲನ್ನು ಗೋಡೆಗೆ ಒರಗಿಸಿ ಮನೆಗೆ ನಡೆದ.

ಹೊರಗೆ ಬಂದಾಗ ಹೆಗಲಲ್ಲಿ ಕೋಟಿತ್ತು, ಕೈಯಲ್ಲಿ ತಗಡಿನ ಪೆಟ್ಟಿಗೆ.

“ಭಾವ, ಹಾಲು ಕುಡ್ದು ಹೋಗು!” ಮಂಚಯ್ಯ ಗಾಣದ ಸದ್ದಿನ ಮೇಲೆ ಕೂಗಿದ. ಅಂದಾನಯ್ಯ ತಿರುಗಲಿಲ್ಲ. ಲಕ್ಷ್ಮಿದೇವಮ್ಮ ಆಲೆಮನೆಯ ಬಾಗಿಲವರೆಗೆ ಬಂದು ನಿಂತಳು. ಅವನು ನಾಲೆಯ ಏರಿಯ ಮೇಲೆ ಸಣ್ಣಗಾಗುತ್ತಾ ಹೋಗಿ, ರಸ್ತೆಯ ಆಲದ ಮರದ ಹಿಂದೆ ಮರೆಯಾದ.

ಮತ್ತೆ ಬರಲಿಲ್ಲ. ನಾಗಮಂಗಲದ ದಾರಿಯಲ್ಲಿ ಬಸ್ಸು ಓಡಿಸುತ್ತಾನೆ, ಮೈಕೈ ತುಂಬಿಕೊಂಡು ಚೆನ್ನಾಗಿದ್ದಾನೆ ಎಂದು ಸಂತೆಗೆ ಹೋದವರು ಹೇಳುತ್ತಿದ್ದರು. ಕೇಳಿದಾಗಲೆಲ್ಲ ಅವಳು “ಇರ್ಲಿ, ನೆಟ್ಟಗಿರ್ಲಿ” ಎಂದು ಸೆರಗು ಕೊಡವಿಕೊಂಡು ಎದ್ದುಬಿಡುತ್ತಿದ್ದಳು.

ಅವನು ಹೊರಟುಹೋದ ದಿನ ಸಂಜೆ ಎಂಟು ಗಾಡಿ ಕಬ್ಬೂ ಅರೆದು ಮುಗಿದು, ಅಚ್ಚಿಗೆ ಹೊಯ್ದ ಮೊದಲ ಬೆಲ್ಲ ಆರುತ್ತಿತ್ತು. ಲಕ್ಷ್ಮಿದೇವಮ್ಮ ಮುದ್ದೆ ಹಿಡಿದು ಹೊರಗೆ ಬಂದಳು. ಮಂಚಯ್ಯ ಮಸಿಗೈಯಲ್ಲೇ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಅವನ ತಲೆಯ ಮೇಲೆ, ನೊಗ ತೂಗುವ ಗೂಟಕ್ಕೆ, ಮಿಣಿಹಗ್ಗದ ಜೊತೆಗೆ ಹ್ಯಾಂಡಲೂ ತೂಗುತ್ತಿತ್ತು.