ಹಡಗಿನ ದಿನಗಳ ರಜೆ

ಸಮುದ್ರದಾಚೆ ಮೊಟ್ಟಮೊದಲ ವಿಶ್ವ ಫುಟ್‌ಬಾಲ್ ಪಂದ್ಯಾವಳಿ ನಡೆಯುವುದೆಂದು ಗೊತ್ತಾದಾಗ, ದೇಶದ ತಂಡದ ಗೋಲ್‌ಕೀಪರ್ ಆಗಿದ್ದ ಬಡಗಿ ಹದಿನೈದು ದಿನ ರಜೆ ಪಡೆದಿದ್ದ. ಅಲ್ಲಿಯವರೆಗೆ ಪಕ್ಕದ ದೇಶಕ್ಕೆ ರೈಲಿನಲ್ಲಿ ಹೋಗಿ ಆಡಿ, ಸಂಜೆಗೆ ಮನೆ ಸೇರುತ್ತಿದ್ದ ತಂಡವದು. ಅದರ ಗುಮಾಸ್ತರು ಆಟದ ದಿನಗಳನ್ನಷ್ಟೇ ಎಣಿಸಿ, ಹಡಗಿನ ದಾರಿಯನ್ನು ಮರೆತೇಬಿಟ್ಟಿದ್ದರು. ಹೋಗಲು ಹದಿನೈದು ದಿನ, ಬರಲು ಹದಿನೈದು.

ಬಡಗಿ ಎದೆ ಗಟ್ಟಿಮಾಡಿಕೊಂಡು ತಾನು ಕೆಲಸ ಮಾಡುವ ಕಿಟಕಿ-ಬಾಗಿಲ ಕಾರ್ಖಾನೆಯ ಯಜಮಾನರ ಮುಂದೆ ನಿಂತ.

"ಒಂದೂವರೆ ತಿಂಗಳಾ! ಚೆಂಡು ಹಿಡಿಯೋಕೆ ಹೋಗ್ತೀಯೋ, ಸಮುದ್ರ ಅಳೆಯೋಕೋ?"

"ತಪ್ಪು ನಮ್ದೇ ಯಜಮಾನ್ರೇ. ಇಷ್ಟು ದೂರ ಹೋಗಿ ನಾವ್ಯಾರೂ ಆಡಿದ್ದೇ ಇಲ್ಲ."

ಪಕ್ಕದಲ್ಲೇ ಮರ ಹೆರೆಯುತ್ತಿದ್ದ ಬಡಗಿಯ ಅಕ್ಕನ ಗಂಡ ತಲೆಯೆತ್ತದೆ ಹೇಳಿದ: "ಇವನ ಪಾಲಿನ ಕಿಟಕಿಗಳನ್ನ ನಾವು ಹಂಚ್ಕೋತೀವಿ. ಇಲ್ಲಿದ್ರೂ ಗೋಡೆಗೆ ಚೆಂಡು ಹೊಡೀತಾ ನಮ್ಮ ತಲೆ ತಿಂತಾನೆ."

ಯಜಮಾನರಿಗೂ ನಗು ಬಂತು. "ಈ ಪಂದ್ಯಾವಳಿ ಮತ್ತೆ ನಡೆಯುತ್ತಾ?"

"ಯಾರಿಗ್ಗೊತ್ತು? ಈ ಸಲ ನೆಟ್ಟಗೆ ನಡೆದ್ರೆ ನಡೀಬಹುದು."

"ಹಾಗಾದ್ರೆ ನೆಟ್ಟಗೆ ಆಡಿ ಬಾ," ಎಂದು ಅವರು ರಜೆಯ ಪತ್ರದಲ್ಲಿ ಹದಿನೈದನ್ನು ಹೊಡೆದುಹಾಕಿ ನಲವತ್ತೈದು ಎಂದು ಬರೆದರು. ಬಡಗಿ ಪತ್ರಕ್ಕೆ ಕೈ ಚಾಚಿದ. ಅವರೇ ಮತ್ತೆ ಪತ್ರ ಎಳೆದುಕೊಂಡು, "ಬಂದರು ಮುಟ್ಟೋಕೆ ಎರಡು ದಿನ, ಅಲ್ಲಿಂದ ಮನೆಗೆ ಬರೋಕೆ ಎರಡು ದಿನ ಬೇಡ್ವೇನೋ?" ಎನ್ನುತ್ತ ಅದನ್ನು ನಲವತ್ತೊಂಬತ್ತು ಮಾಡಿದರು.