ಇಪ್ಪತ್ತನೆಯ ಲೇತ್

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಊರುಗಳ ನಡುವೆ ಅಬ್ದುಲ್ ರವೂಫರು 'ಬೇಡ' ಎನ್ನದ, ಕಬ್ಬಿಣ ಕಡೆಯುವ ಲೇತ್ ಮಷಿನ್ ಒಂದೂ ಉಳಿದಿರಲಿಲ್ಲ. 1998ರ ಮಳೆಗಾಲ ಮುಗಿದ ಮೇಲೆ ಹುಡುಕಲು ಹೊರಟವರು ಮಾರ್ಚ್ ಬರುವಷ್ಟರಲ್ಲಿ ಹತ್ತೊಂಬತ್ತು ಮಷಿನುಗಳ ಮರ್ಯಾದೆ ತೆಗೆದಿದ್ದರು. ಸ್ವಂತ ಮಗಳಿಗೆ ಗಂಡು ನೋಡುವಾಗ ಎರಡೇ ಪ್ರಶ್ನೆ ಕೇಳಿ ಒಪ್ಪಿಕೊಂಡ ಮನುಷ್ಯ ಲೇತಿಗೆ ನಲವತ್ತು ಪ್ರಶ್ನೆ ಕೇಳುತ್ತಿದ್ದರು. ಬೆಳ್ತಂಗಡಿಯಲ್ಲಿ ಒಂದರ ಬೆಡ್ ಎಂಬ ಹಾಸಿನ ಮೇಲೆ ಉಗುರು ಎಳೆದು, "ಇಲ್ಲಿ ಸವೆದಿದೆ, ಕೂದಲಿನ ಕಾಲುಭಾಗದಷ್ಟು" ಎಂದಾಗ ಅದರ ಮಾಲೀಕ ನಾಚಿಕೆಯಿಂದ ಮಷಿನಿಗೆ ಗೋಣಿ ಹೊದಿಸಿ, ಮೂರು ದಿನ ಅಂಗಡಿಯನ್ನೇ ತೆರೆಯಲಿಲ್ಲ. ವೇಣೂರಿನ ಒಂದರ ಹಿಡಿಕೆ ಕಾಲು ಸುತ್ತು ಸುಮ್ಮನೆ ತಿರುಗುತ್ತದೆಂದು ಹೇಳಿದ್ದಕ್ಕೆ ಅಲ್ಲಿನವರು ಆ ಲೇತನ್ನು ಗುಜರಿಗೇ ಹಾಕಿದರು.

ಹಾಕದೆ ಇರುತ್ತಾರೆಯೇ? ಹೇಳಿದ್ದು ಸೌದಿಯ ದಮ್ಮಾಮಿನಲ್ಲಿ ಹದಿನೆಂಟು ವರ್ಷ ಲೇತ್ ನಡೆಸುವ ಟರ್ನರ್ ಆಗಿದ್ದ ರವೂಫರು!

ಆದರೆ ರವೂಫರಿಗೂ ಅಲ್ಲಾಹನಿಗೂ ಮಾತ್ರ ಗೊತ್ತಿದ್ದ ಸಂಗತಿಯೊಂದಿತ್ತು. ಅವರು ಜನ್ಮದಲ್ಲಿ ಲೇತ್ ಮುಟ್ಟಿದವರಲ್ಲ. ಅವರು ದಮ್ಮಾಮಿನ ಒಂದು ವರ್ಕ್‌ಶಾಪಿನ ಸ್ಟೋರ್ ಕೀಪರ್. ಎರಡಡಿಯ ಕಿಟಿಕಿಯ ಹಿಂದೆ ಕೂರಬೇಕು, ಕೆಲಸಗಾರ ಹಿತ್ತಾಳೆಯ ಟೋಕನ್ ಕೊಟ್ಟರೆ ಟೂಲ್ ಕೊಡಬೇಕು, ಟೂಲ್ ವಾಪಸು ಬಂದರೆ ಟೋಕನ್ ಮರಳಿಸಬೇಕು. ಬಿಡುವಿನಲ್ಲಿ ಓದಲು ಕ್ಯಾಟಲಾಗುಗಳು ಬಿಟ್ಟರೆ ಬೇರೇನೂ ಇರಲಿಲ್ಲ. ಹಾಗಾಗಿ ಜಗತ್ತಿನ ಯಾವ ಲೇತಿನ ಹೊಟ್ಟೆಯೊಳಗೆ ಎಷ್ಟು ಹಲ್ಲಿನ ಗೇರ್ ಉಂಟೆಂದು ನಿದ್ದೆಯಲ್ಲೂ ಹೇಳಬಲ್ಲವರಾಗಿದ್ದರು. ಕಿಟಿಕಿಯಿಂದ ನೇರಕ್ಕೆ ಒಂದು ಲೇತ್ ಕಾಣುತ್ತಿತ್ತು. ಗಟ್ಟಿ ಕಬ್ಬಿಣ ಅದರಲ್ಲಿ ಜಿಲೇಬಿಯ ಹಾಗೆ ಸುರುಳಿ ಸುರುಳಿಯಾಗಿ ಕಳಚಿ ಬೀಳುವುದನ್ನು ಅವರು ಹದಿನೆಂಟು ವರ್ಷ, ಹಸಿದವನು ಹೋಟೆಲಿನ ಗಾಜಿನ ಕಪಾಟು ನೋಡುವಂತೆ ನೋಡಿದ್ದರು.

ಮೊದಲ ರಜೆಯಲ್ಲಿ ಯಾರೋ "ಅಲ್ಲಿ ಎಂಥ ಕೆಲಸ?" ಎಂದು ಕೇಳಿದಾಗ ಬಾಯಿ ತಪ್ಪಿ "ಲೇತ್" ಎಂದುಬಿಟ್ಟಿದ್ದರು. ಐದನೆಯ ರಜೆಯ ಹೊತ್ತಿಗೆ ಸೌದಿಯ ಅರ್ಧ ಪೆಟ್ರೋಲು ರವೂಫರು ಕಡೆದ ವಾಲ್ವುಗಳಿಂದಲೇ ಹರಿಯತೊಡಗಿತ್ತು.

ಊರಿಗೆ ಬಂದು ನೆಲೆಸಿದ್ದೇ ಬಿ.ಸಿ.ರೋಡಿನ ಮನೆಯ ಹಿಂದೆ ಶೆಡ್ಡು ಕಟ್ಟಿಸಿದರು. ಸಿಮೆಂಟಿನ ಕಟ್ಟೆ, ಕಟ್ಟೆಯಿಂದ ಮೇಲೆದ್ದ ನಾಲ್ಕು ಬೋಲ್ಟು, ಟ್ಯೂಬ್‌ಲೈಟು. ಲೇತ್ ಒಂದು ಬಿಟ್ಟು ಎಲ್ಲ ಉಂಟು. "ಅಂಗಡಿ ಇಡ್ತೀರಾ?" ಎಂದು ಕೇಳಿದವರಿಗೆ "ಇಲ್ಲ, ಸುಮ್ಮನೆ" ಎನ್ನುತ್ತಿದ್ದರು. ಒಂದೇ ಒಂದು ಸಲ ತನ್ನ ಕೈಯಿಂದ ಕಬ್ಬಿಣ ಸುರುಳಿ ಬಿಡಬೇಕು, ಅಷ್ಟೇ ಆಸೆ. ಆದರೆ ಲೇತ್ ಬಂದ ದಿನ ಊರೆಲ್ಲ ನೋಡಲು ಸೇರುತ್ತದೆ, ಹದಿನೆಂಟು ವರ್ಷದ ಹೆಸರು ಹದಿನೆಂಟು ಸೆಕೆಂಡಿನಲ್ಲಿ ಹೋಗುತ್ತದೆ. ಆದ್ದರಿಂದ ಮಷಿನ್ ಹುಡುಕಲು ಹೊರಡುವುದೂ, ಅದರಲ್ಲೊಂದು ಐಬು ಕಂಡುಹಿಡಿದು ಬರಿಗೈಯಲ್ಲಿ ಮರಳುವುದೂ ನಡೆದೇ ಇತ್ತು.

ಹೆಂಡತಿ ರಾಫಿಯಾ ಕೊನೆಗೆ ಕಡ್ಡಿ ಮುರಿದಂತೆ ಹೇಳಿದಳು. "ಈ ಶುಕ್ರವಾರದೊಳಗೆ ನಿಮ್ಮ ಮಷಿನ್ ಬರ್ಬೇಕು. ಇಲ್ಲದಿದ್ರೆ ಶೆಡ್ಡಿಗೆ ಕೋಳಿ ಬಿಡ್ತೇನೆ. ಅವಕ್ಕೆ ಬೆಡ್ಡೂ ಬೇಡ, ಗೇರೂ ಬೇಡ."

ಹೀಗೆ ಗುರುವಾರ ಮೂಡುಬಿದಿರೆಯ ದಾರಿ ಹಿಡಿಯಬೇಕಾಯಿತು. ಓಮ್ನಿ ಓಡಿಸುತ್ತಿದ್ದವನು ಗೆಳೆಯ ಲೋಕನಾಥ, ಕಲ್ಲಡ್ಕದ ಹೋಟೆಲಿನವನು. ಹತ್ತೊಂಬತ್ತು ತಿರಸ್ಕಾರಗಳಿಗೂ ಅವನೇ ಸಾಕ್ಷಿ, ಅವನೇ ಪ್ರಚಾರಕ. ಅವನ ಹೋಟೆಲಿನ ಗ್ರೈಂಡರಿನ ಪಿನ್ ಸವೆದು ತಿಂಗಳುಗಳಾಗಿದ್ದರೂ ಬೇರೆಯವರಿಂದ ಮಾಡಿಸದೆ, ಗ್ರೈಂಡರಿಗೆ ಮೊಳೆ ಸಿಕ್ಕಿಸಿ, ಪಿನ್ನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದ. "ನನ್ನ ಪಿನ್ನು ಮಾಡುವುದಿದ್ರೆ ನೀನೇ ಮಾರಾಯ. ಅಲ್ಲಿವರೆಗೆ ದೋಸೆ ತರಿತರಿಯಾದ್ರೂ ಅಡ್ಡಿಯಿಲ್ಲ. ಗಿರಾಕಿಗಳಿಗೆ ಹೇಳಿದ್ದೇನೆ."

ಮೂಡುಬಿದಿರೆಯ ಡೊಂಬಯ್ಯನಿಗೆ ಎಪ್ಪತ್ತು ದಾಟಿತ್ತು. ಪ್ರಾಯದಲ್ಲಿ ಮುಂಬಯಿಯ ಮಿಲ್ಲಿನಲ್ಲಿ ಟರ್ನರ್ ಆಗಿದ್ದು, ಊರಿಗೆ ಬಂದು ವರ್ಕ್‌ಶಾಪು ಇಟ್ಟವನು. ಮೂರಡಿಯ ಸಣ್ಣ ಲೇತೊಂದನ್ನು ಆ ವಾರವಷ್ಟೇ ಮಾರಾಟಕ್ಕಿಟ್ಟಿದ್ದ. ರವೂಫರು ಉಗುರು ಎಳೆದರು. ಉಗುರು ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ತುಂಡು ಕಚ್ಚಿ ಹಿಡಿಯುವ ಚಕ್ ಅಲ್ಲಾಡಿಸಿದರು, ಮಸೀದಿಯ ಕಂಬವಾದರೂ ಅಲ್ಲಾಡೀತು, ಅದು ಅಲ್ಲಾಡಲಿಲ್ಲ. ಹಿಡಿಕೆ ತಿರುಗಿಸಿದರು, ತುದಿಯ ಟೈಲ್‌ಸ್ಟಾಕ್ ಎಳೆದರು, ಅಡಿಗೆ ತಲೆ ಹಾಕಿ ಮೂಸಿಯೂ ನೋಡಿದರು. ಒಂದು ಐಬೂ ಇಲ್ಲ! ಅವರ ಹಣೆಯಲ್ಲಿ ಬೆವರಿಳಿಯಿತು.

"ಬಣ್ಣ ಸ್ವಲ್ಪ..." ಎಂದರು.

"ಬಣ್ಣಕ್ಕೆ ಎಂಥ ಆಗಿದೆ?" ಡೊಂಬಯ್ಯ ಎಲೆಯಡಿಕೆ ಉಗುಳಿ ಬಂದ. "ಇಷ್ಟ ಆಯ್ತಲ್ಲ ಸಾಯಿಬ್ರೇ? ಇನ್ನು ಒಂದು ತುಂಡು ಕಡೆದು ತೋರಿಸಿ. ಹಾಲು ಕರೆಯುವ ಕೈ ನೋಡದೆ ನಾನು ದನ ಕೊಟ್ಟವನಲ್ಲ. ಲೇತೂ ಹಾಗೆಯೇ."

"ಕಡೆಯುವ, ಅದಕ್ಕೇನು," ಲೋಕನಾಥ ಜೇಬಿನಿಂದ ಪಿನ್ ತೆಗೆದ. "ಇದೇ ಆಗ್ಲಿ. ನೀವು ನೋಡಿ ಡೊಂಬಯ್ಯಣ್ಣ, ಕಣ್ಣು ಮುಚ್ಚಿ ಮಾಡ್ತಾನೆ ಇವ!"

"ಕನ್ನಡಕ ತರಲಿಲ್ಲ," ರವೂಫರು ಹೇಳಿದರು. ಕನ್ನಡಕ ಮೂಗಿನ ಮೇಲೆಯೇ ಇತ್ತು. "ಅಂದರೆ... ಹತ್ತಿರದ್ದು. ಮತ್ತೆ ಈಗ ವೋಲ್ಟೇಜ್ ಕಡಿಮೆ ಇರುವ ಹೊತ್ತು."

"ವೋಲ್ಟೇಜ್ ಸರಿ ಉಂಟು." ಡೊಂಬಯ್ಯ ಚಕ್ಕಿಗೆ ಕಬ್ಬಿಣದ ತುಂಡು ಸಿಕ್ಕಿಸಿ, ನೋಡದೆಯೇ ಕೈ ಹಿಂದೆ ಚಾಚಿದ. "ಆ ರ‍್ಯಾಕಿನಿಂದ ಎಡಕ್ಕೆ ಕಡೆಯುವ ಟೂಲ್ ಒಂದು ಕೊಡಿ ಕಾಂಬ."

ಆಗಲೇ ನಡೆದದ್ದು ಅದು. ನೂರಾರು ಟೂಲುಗಳ ನಡುವಿನಿಂದ ರವೂಫರ ಕೈ ಹಾವಿನಂತೆ ಹರಿದು ಬೇಕಾದದ್ದನ್ನೇ ಎತ್ತಿತು, ಬಟ್ಟೆಯಿಂದ ಒರೆಸಿತು, ಹರಿತದ ಬಾಯಿ ತನ್ನ ಕಡೆಗೆ ತಿರುಗಿಸಿ ಹಿಡಿ ಮುಂದೆ ಮಾಡಿ ಕೊಟ್ಟಿತು. ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಎಡಗೈ ತಾನಾಗಿ ಮುಂದೆ ಬಂದು, ಅಂಗೈ ಬಿಚ್ಚಿ, ಟೋಕನ್‌ಗಾಗಿ ಕಾಯತೊಡಗಿತು.

ಡೊಂಬಯ್ಯ ಆ ಅಂಗೈಯನ್ನು ನೋಡಿದ. ಮುಂಬಯಿಯ ಮಿಲ್ಲಿನ ಕಿಟಿಕಿಯಲ್ಲಿ ಅಂಥ ಅಂಗೈಗೆ ಸಾವಿರ ಸಲ ಟೋಕನ್ ಹಾಕಿದವನು ಅವನು. ಪಕ್ಕದಲ್ಲಿದ್ದ ಹಳೆಯ ವಾಶರೊಂದನ್ನು ಎತ್ತಿ ಮೆಲ್ಲಗೆ ಅದರಲ್ಲಿಟ್ಟ. ರವೂಫರ ಮುಖ ಸುಣ್ಣವಾಯಿತು.

"ಲೋಕನಾಥರೇ, ಬಸ್‌ಸ್ಟ್ಯಾಂಡಿನ ಹತ್ತಿರ ಹೋಗಿ ಮೂರು ಚಾ ತನ್ನಿ," ಎಂದ ಡೊಂಬಯ್ಯ. ಲೋಕನಾಥ ಹೊರಗೆ ಹೋದ ಮೇಲೆ ಕೇಳಿದ: "ಎಷ್ಟು ವರ್ಷ ಸ್ಟೋರಿನಲ್ಲಿ?"

"ಹದಿನೆಂಟು."

"ಒಮ್ಮೆಯೂ?"

"ಒಮ್ಮೆಯೂ ಇಲ್ಲ."

"ಎಂಥ ಸಾವು ಮಾರಾಯ್ರೇ!" ಡೊಂಬಯ್ಯ ನಗಲಿಲ್ಲ. "ಬನ್ನಿ, ನಿಲ್ಲಿ. ತೋಳು ಮೇಲೆ ಮಾಡಿ. ಚಕ್ಕಿನ ಚಾವಿ ತೆಗೆದಿರಾ? ಅದನ್ನು ಮರೆತರೆ ಅದು ಹಾರಿ ಉಡುಪಿಯಲ್ಲಿ ಬೀಳ್ತದೆ."

ಮೋಟರು ಗುಂಯ್ ಎಂದಿತು. ರವೂಫರು ಹಿಡಿಕೆ ತಿರುಗಿಸಿದರು. ಟೂಲ್ ಕಬ್ಬಿಣಕ್ಕೆ ತಾಗಿತು. ಮೊದಲು ಕಿರುಚಿತು, ಆಮೇಲೆ ಒಂದು ನೀಲಿ ಸುರುಳಿ ಮೆಲ್ಲಗೆ ಎದ್ದು, ಉದ್ದವಾಗಿ, ಬಳುಕಿ ಅವರ ಮಣಿಕಟ್ಟಿನ ಮೇಲೆ ಬಿದ್ದು ಚುರ್ರೆಂದು ಸುಟ್ಟಿತು. ಕೈ ಹಿಂದೆ ತೆಗೆಯಲಿಲ್ಲ. ಆ ಸುರುಳಿ ಮೂಡುಬಿದಿರೆಯಿಂದ ವೇಣೂರಿಗೆ ಮುಟ್ಟುವಷ್ಟು ಉದ್ದವಿತ್ತೆಂದು ಅವರು ಈಗಲೂ ಹೇಳುತ್ತಾರೆ. ಒಂದೂವರೆ ಅಡಿಯಂತೂ ಇತ್ತು.

ಅರ್ಧ ಗಂಟೆಯಲ್ಲಿ ಪಿನ್ ತಯಾರಾಯಿತು. ಒಂದು ತುದಿ ಬೇಕಾದಷ್ಟೇ, ಇನ್ನೊಂದು ತುದಿ ಬಾಳೆದಿಂಡಿನಂತೆ ದಪ್ಪ. ಡೊಂಬಯ್ಯ ಅದನ್ನು ಬದಿಗಿಟ್ಟು, ಬೀಡಿ ಸೇದುವಷ್ಟು ಹೊತ್ತಿನಲ್ಲಿ ಕನ್ನಡಿಯಂಥ ಇನ್ನೊಂದು ಪಿನ್ ಕಡೆದ. ಎರಡನ್ನೂ ಕಟ್ಟೆಯ ಮೇಲೆ ಇಟ್ಟ.

"ಅವರು ಚಾ ತರ್ತಾ ಇದ್ದಾರೆ. ಯಾವುದು ಬೇಕಾದ್ರೂ ಕೊಡಿ. ನಾನು ಬಾಯಿ ಬಿಡುವುದಿಲ್ಲ."

ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಗೆಳೆಯನ ಕೀರ್ತಿ ಹೇಳಿ ಮುಗಿಸಿದ ಲೋಕನಾಥ ಒಳಗೆ ಬಂದು ಚಾ ಇಟ್ಟ. ರವೂಫರ ಕೈ ಕನ್ನಡಿಯಂಥದರ ಮೇಲೆ ಹೋಯಿತು, ನಿಂತಿತು. ಸುಟ್ಟ ಮಣಿಕಟ್ಟು ಉರಿಯುತ್ತಿತ್ತು. ಹದಿನೆಂಟು ವರ್ಷ ಬೇರೆಯವರ ಕೆಲಸವನ್ನು ತನ್ನದೆಂದು ಹೇಳಿ ಸಾಕಾಗಿತ್ತು. ಈಗ ತನ್ನದೆಂದು ಹೇಳಲು ಒಂದಾದರೂ ವಸ್ತು ಇತ್ತು. ವಕ್ರವಾದದ್ದನ್ನೇ ಎತ್ತಿ ಕೊಟ್ಟರು.

"ಇದು ನಾನು ಮಾಡಿದ್ದು. ಜೀವನದಲ್ಲಿ ಮೊದಲನೆಯದು. ನಾನು ಟರ್ನರ್ ಅಲ್ಲ ಲೋಕನಾಥ. ಸ್ಟೋರಿನಲ್ಲಿ ಟೂಲ್ ಕೊಡುತ್ತಿದ್ದವ. ಇಷ್ಟು ವರ್ಷ ಹೇಳಿದ್ದೆಲ್ಲ ಬುರುಡೆ."

ಲೋಕನಾಥ ಪಿನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿದ, ಮತ್ತೆ ತಿರುಗಿಸಿದ. ಅವನ ಕಣ್ಣು ತುಂಬಿತು.

"ಕೇಳಿದಿರಾ ಡೊಂಬಯ್ಯಣ್ಣ? ಇದಕ್ಕೆ ಹೇಳುವುದು ದೊಡ್ಡತನ ಅಂತ! ನಾವು ಎರಡು ದೋಸೆ ಹೊಯ್ದರೆ ಬೋರ್ಡು ಹಾಕ್ತೇವೆ. ಇವ ಸೌದಿಯನ್ನೇ ನಡೆಸಿದವ, 'ನಾನು ಟರ್ನರ್ ಅಲ್ಲ' ಅಂತಾನೆ!"

"ಅಲ್ಲ ಮಾರಾಯ, ನಿಜವಾಗಿ! ನೋಡು, ಒಂದು ಕಡೆ ದಪ್ಪ ಉಂಟು."

"ಅದು ಬೇಕಂತ್ಲೇ ಇಟ್ಟದ್ದು. ಜಾರಬಾರದು ಅಂತ. ನನಗೆ ಅಷ್ಟೂ ಗೊತ್ತಾಗುವುದಿಲ್ವಾ?"

ಡೊಂಬಯ್ಯ ಗೋಡೆಯ ಕಡೆ ತಿರುಗಿ ಕೆಮ್ಮಿದ. ಎರಡು ನಿಮಿಷ ಕೆಮ್ಮುತ್ತಲೇ ಇದ್ದ. ಆಮೇಲೆ, "ಕೈ ನೋಡಿ ಆಯ್ತು. ಲೇತ್ ಕೊಡ್ತೇನೆ," ಎಂದ.

ಪಿಕಪ್ಪಿನಲ್ಲಿ ಲೇತ್, ಹಿಂದಿನಿಂದ ಓಮ್ನಿ. ದಾರಿಯುದ್ದಕ್ಕೂ ರವೂಫರು ತಾನು ಟರ್ನರ್ ಅಲ್ಲವೆಂದು ಅಲ್ಲಾಹನ ಮೇಲೆ ಆಣೆ ಹಾಕಿದರು. ಲೋಕನಾಥ ದಾರಿಯುದ್ದಕ್ಕೂ ಸಿಕ್ಕ ಪ್ರತಿ ಅಂಗಡಿಯಲ್ಲಿ ಗಾಡಿ ನಿಲ್ಲಿಸಿ ಅವರ ವಿನಯವನ್ನು ವರ್ಣಿಸಿದ. ಬಿ.ಸಿ.ರೋಡ್ ಮುಟ್ಟುವಾಗ ಅವರ ಹೆಸರು ಹೊರಟಾಗಿನದಕ್ಕಿಂತ ಎರಡು ಗೇಣು ಎತ್ತರವಾಗಿತ್ತು.

ಅವರ ನಿಜ ನಂಬಿದವಳು ಒಬ್ಬಳೇ, ರಾಫಿಯಾ. "ಹಾಗಾದ್ರೆ ಪ್ರತಿ ರಜೆಗೆ ಬಂದಾಗ ನಾನು ನಿಮ್ಮ ಬೆರಳು ಹತ್ತೂ ಉಂಟಾ ಅಂತ ಲೆಕ್ಕ ಮಾಡಿದ್ದು ದಂಡವಾ?" ಎಂದಳು. ಮತ್ತೆ, "ಇನ್ನು ನಿಜವಾಗಿ ಲೆಕ್ಕ ಮಾಡ್ಬೇಕು ಅಂತಾಯ್ತು," ಎಂದು ಒಳಗೆ ಹೋಗಿ ಸುಟ್ಟ ಗಾಯಕ್ಕೆ ಮುಲಾಮು ತಂದಳು.

ಮಾರನೆಯ ದಿನ ಬೆಳಿಗ್ಗೆ ಗೇಟಿನ ಹತ್ತಿರ ಸರ್ವಿಸ್ ಬಸ್ಸಿನ ಡ್ರೈವರ್ ಹನೀಫಾ ನಿಂತಿದ್ದ, ಕೈಯಲ್ಲಿ ಬ್ರೇಕಿನ ಪಿನ್.

"ನನಗೆ ಬರುವುದಿಲ್ಲ ಹನೀಫಾ, ಸತ್ಯವಾಗಿ."

"ಲೋಕನಾಥಣ್ಣ ಹೇಳಿದ್ರು, ನೀವು ಹೀಗೆಯೇ ಹೇಳ್ತೀರಿ ಅಂತ."

"ಅದರಲ್ಲಿ ಅರುವತ್ತು ಜನ ಕೂರ್ತಾರೆ ಮಾರಾಯ!"

"ಎಂಬತ್ತು," ಎಂದ ಹನೀಫಾ ಹೆಮ್ಮೆಯಿಂದ.

ರವೂಫರು ಅವನ ರಟ್ಟೆ ಹಿಡಿದು ರಸ್ತೆಯವರೆಗೆ ಎಳೆದುಕೊಂಡು ಹೋಗಿ, ಡೊಂಬಯ್ಯನಿಗೆ ಒಂದು ಚೀಟಿ ಬರೆದುಕೊಟ್ಟು, ಮೂಡುಬಿದಿರೆಯ ಬಸ್ಸು ಹತ್ತಿಸಿದರು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ, ಎಲ್ಲಿ ಇಳಿದುಬಿಡುತ್ತಾನೋ ಎಂದು ಕಾದರು. ಆಮೇಲೆ ಶೆಡ್ಡಿಗೆ ಬಂದು ಅಗಳಿ ಹಾಕಿ, ಹೊಸ ಕಬ್ಬಿಣದ ತುಂಡೊಂದನ್ನು ಚಕ್ಕಿಗೆ ಸಿಕ್ಕಿಸಿದರು. ಚಾವಿ ತೆಗೆದರು. ತೆಗೆದೆನೇ ಎಂದು ಇನ್ನೊಮ್ಮೆ ನೋಡಿ ಸ್ವಿಚ್ ಒತ್ತಿದರು.