ಮೈಗೆ ಹತ್ತದ್ದು

"ಕೇಳಿ ಟೀಚರಮ್ಮ, ಸಂಕೋಚ ಬೇಡ. ಏನು ಬೇಕಾದ್ರೂ ಕೇಳಿ," ಎಂದು ರಾಮಸ್ವಾಮಿ ಹೆಂಡತಿ ಕೋಕಿಲಾಳ ಕಡೆ ಕೈ ತೋರಿಸಿದರು, ಹೊಸ ಫ್ರಿಜ್ ತೋರಿಸುವವರ ಹಾಗೆ.

ಕೇಳಲಿಕ್ಕೆಂದೇ ಗೋದಾ ಚಾಮರಾಜಪೇಟೆಯಿಂದ ಬಸ್ಸು ಬದಲಾಯಿಸಿಕೊಂಡು ವೈಯಾಲಿಕಾವಲಿಗೆ ಬಂದಿದ್ದಳು. ಸೋಮವಾರ ಅವಳು ಕುಮಾರ ಪಾರ್ಕಿನ ನರ್ಸಿಂಗ್ ಹೋಮಿಗೆ ಸೇರಬೇಕು. ಅಮೆರಿಕದಿಂದ ಬಂದ ಡಾಕ್ಟರು ಕರುಳಿಗೆ ಅಡ್ಡದಾರಿ ಮಾಡಿ ಹೊಲಿಯುತ್ತಾರಂತೆ, ಮೈ ತಾನಾಗಿ ಇಳಿಯುತ್ತದಂತೆ. "ಕೋಕಿಲಾ ಅಂತ, ನಾನೇ ಆಪರೇಷನ್ ಮಾಡಿದ್ದು. ಹೋಗಿ ನೋಡ್ಕೊಂಡು ಬನ್ನಿ," ಎಂದವರೂ ಅವರೇ.

ಗೋದಾಳಿಗೆ ಬೇಕಾಗಿತ್ತು, ತುಂಬಾ ಬೇಕಾಗಿತ್ತು. ಮೂವತ್ತೆರಡಕ್ಕೇ ಮಂಡಿ ಸವೆದು, ಸ್ಕೂಲಿನ ಮಹಡಿ ಹತ್ತುವಷ್ಟರಲ್ಲಿ ಜೀವ ಬಾಯಿಗೆ ಬರುತ್ತಿತ್ತು. ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನಿಂದ "ಗುಡಾಣ ಮಿಸ್ಸು" ಎಂಬ ಪಿಸುಮಾತು. ಮಕ್ಕಳಂತೆ ಮಕ್ಕಳು! ಅಲ್ಲಿ ನಕ್ಕುಬಿಡುತ್ತಿದ್ದಳು, ಮನೆಗೆ ಬಂದು ಅಳುತ್ತಿದ್ದಳು.

ಕೋಕಿಲಾ ಸಣ್ಣಗಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಅಗಲವಾದ ಹಳೇ ಬೆತ್ತದ ಕುರ್ಚಿಯಲ್ಲಿ ಎರಡೂ ಪಕ್ಕಕ್ಕೆ ದಿಂಬು ಒತ್ತಿಕೊಂಡು ಕೂತಿದ್ದಳು. ಜಡೆ ಇಲಿಬಾಲದಷ್ಟಾಗಿತ್ತು. ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡಿದ್ದರೂ ಕೈ ಇಳಿಸಿದಾಗಲೆಲ್ಲ ಜಾರಿ ಬರುತ್ತಿದ್ದವು. ತೊಡೆಯ ಮೇಲೆ ತಟ್ಟೆ ತುಂಬ ಉಪ್ಪಿಟ್ಟು. ತಲೆ ಎತ್ತದೆ ತಿನ್ನುತ್ತಿದ್ದಳು.

"ನೋಡಿ, ಪಥ್ಯ ಇಲ್ಲ ಏನಿಲ್ಲ. ಎಷ್ಟು ಬೇಕಾದ್ರೂ ತಿಂತಾಳೆ. ತಿಂದಿದ್ದು ಮೈಗೆ ಹತ್ತಲ್ಲ, ಅಷ್ಟೇ!" ರಾಮಸ್ವಾಮಿ ನಕ್ಕರು.

ಗೋದಾ ತಟ್ಟನೆ ಅವರ ಮುಖ ನೋಡಿದಳು. ವಠಾರದಲ್ಲಿ ನೀರಿಗಾಗಿ ಜಗಳವಾದಾಗ ಹೆಂಗಸರು ನೆಟಿಗೆ ಮುರಿದು ಹಾಕುವ ಶಾಪ ಅದು: 'ನೀನು ತಿಂದಿದ್ದು ಮೈಗೆ ಹತ್ತದೇ ಹೋಗ್ಲಿ!' ಇವರು ಅದನ್ನು ವರದ ಹಾಗೆ ಹೇಳುತ್ತಿದ್ದಾರಲ್ಲ.

"ನೋವಿದೆಯಾ?" ಅವಳು ಕೋಕಿಲಾಳನ್ನೇ ಕೇಳಿದಳು.

"ಎಲ್ಲಿ ನೋವು? ಆರಾಮಾಗಿದಾಳೆ," ಎಂದರು ರಾಮಸ್ವಾಮಿ.

"ಸುಸ್ತು?"

"ಮೊದಮೊದಲು ಸ್ವಲ್ಪ ಇತ್ತು. ಇರಿ, ವೀಳ್ಯದೆಲೆ ತಂದ್ಬಿಡ್ತೀನಿ. ಕುಂಕುಮ ತಗೊಳ್ದೆ ಹೋಗ್ಬೇಡಿ."

ಗೇಟು ಮುಚ್ಚಿದ ಸದ್ದಾಯಿತು. ಕೋಕಿಲಾ ಚಮಚ ಕೆಳಗಿಟ್ಟಳು.

"ನಿಮ್ಮನೇಲಿ ಕಕ್ಕಸು ಎಲ್ಲಿದೆ?"

"ಏನಂದ್ರಿ?"

"ಕಕ್ಕಸು ರೀ. ಮನೆ ಒಳಗೋ, ಹೊರಗೋ?"

"ಹೊರಗೆ. ನಮ್ಮದು ವಠಾರ. ಐದು ಮನೆಗೆ ಒಂದು."

"ಅಯ್ಯೋ ದೇವ್ರೇ," ಎಂದಳು ಕೋಕಿಲಾ. ಆಮೇಲೆ ಗೇಟಿನ ಕಡೆ ನೋಡುತ್ತಲೇ ಬಡಬಡನೆ ಹೇಳಿದಳು: "ಡಾಕ್ಟ್ರು ಇದನ್ನ ಕೇಳಲ್ಲ, ಇವ್ರು ಹೇಳಲ್ಲ. ನಮ್ಮಮ್ಮನ ಮನೆ ಇಲ್ಲೇ ಮಲ್ಲೇಶ್ವರದಲ್ಲಿ. ಹೋಗಿ ಎರಡು ವರ್ಷ ಆಯ್ತು. ದಾರೀಲಿ ಏನಾದ್ರೂ ಆಗ್ಬಿಟ್ರೆ? ತಂಗಿ ಧಾರೆಗೂ ಹೋಗ್ಲಿಲ್ಲ. ತಿಂದಿದ್ದು ನಿಲ್ಲಲ್ಲ ರೀ, ಹಸಿವು ಬಿಡಲ್ಲ."

"ಮತ್ತೆ ಮೊದಲಿನ ಹಾಗೆ ಮಾಡಕ್ಕಾಗಲ್ವಾ?"

"ಕೇಳ್ದೆ. ಇನ್ನೊಂದ್ಸಲ ಕೊಯ್ಯೋಕೆ ಮೈಯಲ್ಲಿ ಶಕ್ತಿ ಬರ್ಲಿ ಅಂತಾರೆ. ಎಲ್ಲಿಂದ ಬರತ್ತೆ ಶಕ್ತಿ? ತಿಂದಿದ್ದು..."

ಮಾತು ಅಲ್ಲಿಗೇ ನಿಂತಿತು. ಹೊಟ್ಟೆ ಒತ್ತಿಕೊಂಡು ಎದ್ದು, ಗೋಡೆ ಹಿಡಿದುಕೊಂಡೇ ಹಿತ್ತಲಿಗೆ ಓಡಿದಳು. ಅವಳ ಕೈಯಿಂದ ಹಸಿರು ಬಳೆಯೊಂದು ಜಾರಿ ಕೆಂಪು ನೆಲದ ಮೇಲೆ ಉರುಳಿ, ಗೋದಾಳ ಪಾದದ ಹತ್ತಿರ ಮಗುಚಿಕೊಂಡಿತು. ಒಡೆದಿರಲಿಲ್ಲ.

ರಾಮಸ್ವಾಮಿ ಎಲೆಯ ಕಟ್ಟು ಹಿಡಿದು ಬಂದರು. ಖಾಲಿ ಕುರ್ಚಿ ನೋಡಿ, "ಓ, ಬರ್ತಾಳೆ, ಕೂತ್ಕೊಳ್ಳಿ," ಎಂದರು. ಬಗ್ಗಿ ಬಳೆ ಎತ್ತಿಕೊಂಡು ಕಿಟಕಿಯಲ್ಲಿದ್ದ ಹಿತ್ತಾಳೆ ಬಟ್ಟಲಿಗೆ ಹಾಕಿದರು. ಬಟ್ಟಲು ಆಗಲೇ ಬಳೆಗಳಿಂದ ತುಂಬಿತ್ತು. ಎಲ್ಲವೂ ಒಡೆಯದ ಬಳೆಗಳೇ.

"ಸೋಮವಾರ ಅಲ್ವಾ ಅಡ್ಮಿಟ್ ಆಗೋದು? ಧೈರ್ಯವಾಗಿ ಹೋಗಿ."

ಗೋದಾ ಎದ್ದಳು. ಮಂಡಿ ಲಟಕ್ಕೆಂದಿತು.

"ನಮ್ಮದು ವಠಾರ," ಎಂದಳು.

"ಅದಕ್ಕೇನೀಗ?" ರಾಮಸ್ವಾಮಿಗೆ ಅರ್ಥವಾಗಲಿಲ್ಲ.

ಕುಂಕುಮ ತೆಗೆದುಕೊಳ್ಳದೆ ಹೊರಡುವಂತಿರಲಿಲ್ಲ. ಇಬ್ಬರೂ ನಿಂತು ಕಾದರು. ಹಿತ್ತಲಲ್ಲಿ ಬಕೆಟ್ಟಿಗೆ ನೀರು ಬೀಳುವ ಸದ್ದು ಬರುತ್ತಲೇ ಇತ್ತು.